ಅವಧಿ ಮುಗಿದ ಲಾಕ್‌ಡೌನ್ ಆದೇಶ, ಮುಗಿಯದ ಪ್ರಕರಣ: ನ್ಯಾಯಾಲಯದಲ್ಲಿ ಪ್ರಶ್ನಿಸುವ ಬಗೆ

ಕೋವಿಡ್ ಕಾಲದಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ, 2005ರ ಅಡಿಯಲ್ಲಿ 2020ರ ಮಾರ್ಚ್ 24ರಂದು ಆರಂಭವಾದ ಕೇಂದ್ರ ಗೃಹ ಸಚಿವಾಲಯದ ಆದೇಶಗಳ ಸರಣಿ 2022ರ ಮಾರ್ಚ್ 31ಕ್ಕೆ ಕೊನೆಗೊಂಡಿತು. ಆ ಎರಡು ವರ್ಷಗಳಲ್ಲಿ ಹೊರಟ ಕರ್ಫ್ಯೂ, ಮಾಸ್ಕ್, ಅಂಗಡಿ ಮುಚ್ಚುವ ವೇಳೆ, ಕ್ವಾರಂಟೈನ್ ಕುರಿತ ಆದೇಶಗಳು ಇಂದು ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೆ ಅವುಗಳ ಆಧಾರದ ಮೇಲೆ ದಾಖಲಾದ ಎಫ್‌ಐಆರ್‌ಗಳು ತಾವಾಗಿಯೇ ಅಳಿಸಿಹೋಗಲಿಲ್ಲ. ಮನೆ ಬದಲಿಸಿದ ಕೂಲಿಕಾರನಿಗೆ ಸಮನ್ಸ್ ತಲುಪದೆ ಕೊನೆಗೆ ವಾರಂಟ್ ಹೊರಡಬಹುದು, ಪಾಸ್‌ಪೋರ್ಟ್‌ಗಾಗಿ ಪೊಲೀಸ್ ಪರಿಶೀಲನೆ ನಡೆದಾಗ ಹಳೆಯ ಪ್ರಕರಣವೊಂದು ಮೇಲೆದ್ದು ಬರಬಹುದು. ಇಂಥ ಪರಿಸ್ಥಿತಿಯಲ್ಲಿರುವವರು ಯಾವ ದಾರಿಯಲ್ಲಿ ಹೋಗಬೇಕು, ಯಾವ ವಾದ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಇದನ್ನು ಓದಿಕೊಂಡು ವಕೀಲರ ಬಳಿ ಹೋದರೆ ಅವರೊಂದಿಗೆ ಸ್ಪಷ್ಟವಾಗಿ ಮಾತನಾಡಬಹುದು. ವಕೀಲರ ಸಲಹೆಯ ಬದಲಿಗೆ ಇದನ್ನು ಬಳಸಬಾರದು.

ಪ್ರಶ್ನಿಸಬೇಕಾದದ್ದು ಆದೇಶವನ್ನೋ, ಅದು ಬಿಟ್ಟುಹೋದದ್ದನ್ನೋ

ಮೊದಲು ತೀರ್ಮಾನಿಸಬೇಕಾದ ಸಂಗತಿ ಇದು. ಜಾರಿಯಲ್ಲಿಲ್ಲದ ಆದೇಶವೊಂದು ತಪ್ಪಾಗಿತ್ತು ಎಂದು ಘೋಷಿಸಿ ಎಂದಷ್ಟೇ ಕೇಳಿಕೊಂಡು ಹೈಕೋರ್ಟಿಗೆ ಹೋದರೆ, ಅರ್ಜಿ ನಿರರ್ಥಕವಾಗಿದೆ ಎಂದು ವಿಲೇವಾರಿಯಾಗುವ ಸಾಧ್ಯತೆಯೇ ಹೆಚ್ಚು. ಯಾರಿಗೂ ಪರಿಹಾರ ಸಿಗದ, ಬರಿಯ ಪಾಂಡಿತ್ಯದ ಪ್ರಶ್ನೆಗೆ ಉತ್ತರ ಹೇಳುವುದು ನಮ್ಮ ನ್ಯಾಯಾಲಯಗಳ ರೂಢಿಯಲ್ಲ. ಆದ್ದರಿಂದ ಆ ಆದೇಶ ನಿಮ್ಮ ಮೇಲೆ ಇಂದಿಗೂ ಉಳಿಸಿರುವ ಪರಿಣಾಮ ಯಾವುದು ಎಂದು ಗುರುತಿಸಿ, ಅದನ್ನು ಅರ್ಜಿಯ ಕೇಂದ್ರದಲ್ಲಿಡಬೇಕು. ಬಾಕಿ ಇರುವ ಕ್ರಿಮಿನಲ್ ಪ್ರಕರಣ, ಕಟ್ಟಿಸಿಕೊಂಡ ದಂಡ, ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯುತ್ತಿರುವ ವಾಹನ, ಸಿಗದೇ ಹೋದ ಕೂಲಿ, ರದ್ದಾದ ವ್ಯಾಪಾರ ಪರವಾನಗಿ ಇವೆಲ್ಲ ಜೀವಂತ ಪರಿಣಾಮಗಳು. ಅವುಗಳನ್ನು ಹಿಡಿದು ಹೋದಾಗ, ಮೂಲ ಆದೇಶ ಕಾನೂನುಬದ್ಧವಾಗಿತ್ತೇ ಎಂಬ ಪ್ರಶ್ನೆಯನ್ನು ನ್ಯಾಯಾಲಯ ಎತ್ತಿಕೊಳ್ಳಲೇಬೇಕಾಗುತ್ತದೆ.

ಇದಕ್ಕೆ ಅತ್ಯಂತ ಒಳ್ಳೆಯ ನಿದರ್ಶನ ಗುಜರಾತ್ ಮಜ್ದೂರ್ ಸಭಾ ಪ್ರಕರಣ. 2020ರ ಏಪ್ರಿಲ್ 17ರಂದು ಗುಜರಾತ್ ಸರ್ಕಾರ ಕಾರ್ಖಾನೆ ಕಾಯ್ದೆಯ ಕಲಂ 5ನ್ನು ಬಳಸಿ, ದಿನಕ್ಕೆ 12 ಗಂಟೆ, ವಾರಕ್ಕೆ 72 ಗಂಟೆ ದುಡಿಸಿಕೊಳ್ಳಲು ಕಾರ್ಖಾನೆಗಳಿಗೆ ಅನುಮತಿ ನೀಡಿತು. ಹೆಚ್ಚುವರಿ ಗಂಟೆಗಳಿಗೆ ಕಾಯ್ದೆಯ ಕಲಂ 59ರ ಪ್ರಕಾರ ಕೊಡಬೇಕಿದ್ದ ದುಪ್ಪಟ್ಟು ಕೂಲಿಯನ್ನೂ ಕೈಬಿಟ್ಟಿತು. ಆ ಅಧಿಸೂಚನೆಯ ಅವಧಿ ಜುಲೈ 19ಕ್ಕೆ ಮುಗಿದು, ಮರುದಿನ ಹೊರಟ ಇನ್ನೊಂದು ಅಧಿಸೂಚನೆ ಅದೇ ವಿನಾಯಿತಿಯನ್ನು ಮುಂದುವರಿಸಿತು. ಸುಪ್ರೀಂ ಕೋರ್ಟ್ ಅಕ್ಟೋಬರ್ 1ರಂದು ತೀರ್ಪು ನೀಡುವಾಗ ಮೊದಲನೆಯದು ಮುಗಿದ ಕಥೆ ಎಂದು ಬಿಟ್ಟುಬಿಡಲಿಲ್ಲ, ಎರಡನ್ನೂ ರದ್ದುಗೊಳಿಸಿತು. ಆ ಕಲಮಿನಲ್ಲಿರುವ ‘ಸಾರ್ವಜನಿಕ ತುರ್ತು ಪರಿಸ್ಥಿತಿ’ ಎಂದರೆ ಯುದ್ಧ, ಬಾಹ್ಯ ಆಕ್ರಮಣ ಅಥವಾ ಆಂತರಿಕ ಗಲಭೆಯಿಂದ ದೇಶದ ಭದ್ರತೆಗೆ ಒದಗುವ ಗಂಭೀರ ಅಪಾಯವೇ ಹೊರತು ಸಾಂಕ್ರಾಮಿಕ ತಂದ ಆರ್ಥಿಕ ಹಿನ್ನಡೆಯಲ್ಲ ಎಂದು ಹೇಳಿ, ಸಂವಿಧಾನದ 142ನೇ ವಿಧಿಯ ಅಧಿಕಾರದಿಂದ ಆ ಅವಧಿಯಲ್ಲಿ ದುಡಿದ ಅರ್ಹ ಕಾರ್ಮಿಕರಿಗೆಲ್ಲ ಹೆಚ್ಚುವರಿ ದುಡಿಮೆಯ ಕೂಲಿ ಕೊಡಬೇಕೆಂದು ನಿರ್ದೇಶಿಸಿತು. ಅಧಿಸೂಚನೆ ಮುಗಿದಿತ್ತು, ಕಾರ್ಮಿಕರಿಗೆ ಬರಬೇಕಾದ ಹಣ ಮುಗಿದಿರಲಿಲ್ಲ. ನಿಮ್ಮ ಅರ್ಜಿಯ ಬೆನ್ನೆಲುಬಾಗಿ ಇಂಥದ್ದೇ ಒಂದು ಬಾಕಿ ಇರಬೇಕು.

ಕರ್ನಾಟಕದಲ್ಲೂ 2020ರ ಮೇ 22ರಂದು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಮೆಗೆ ಅವಕಾಶ ಕೊಡುವ ಅಧಿಸೂಚನೆ ಹೊರಟಿತ್ತು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ ಬಳಿಕ ಸರ್ಕಾರ ಜೂನ್ 11ರಂದು ತಾನೇ ಹಿಂಪಡೆಯಿತು. ಹೀಗೆ ವಿಚಾರಣೆಯ ನಡುವೆ ಆದೇಶ ಹಿಂದೆಗೆದಾಗ ಅರ್ಜಿದಾರರು ಗೆದ್ದಂತೆಯೇ ಸರಿ, ಆದರೆ ಕಾನೂನಿನ ಪ್ರಶ್ನೆ ಇತ್ಯರ್ಥವಾಗದೆ ಉಳಿಯುತ್ತದೆ. ಅಂಥ ಸಂದರ್ಭದಲ್ಲಿ ಅರ್ಜಿಯನ್ನು ಮುಚ್ಚಲು ಒಪ್ಪುವ ಮೊದಲು, ಆದೇಶ ಜಾರಿಯಲ್ಲಿದ್ದಷ್ಟು ದಿನಗಳ ಹಕ್ಕು ಬಾಧ್ಯತೆಗಳ ಬಗ್ಗೆ ಒಂದು ಸಾಲನ್ನಾದರೂ ದಾಖಲಿಸುವಂತೆ ಕೋರಿಕೊಳ್ಳುವುದು ಜಾಣತನ.

ಕಾಗದ ಕೂಡಿಸುವುದು

ಮೂಲ ಆದೇಶದ ಪೂರ್ಣ ಪ್ರತಿಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಬೇಡಿ. ಪತ್ರಿಕೆಯ ವರದಿ, ವಾಟ್ಸಾಪ್‌ನಲ್ಲಿ ಬಂದ ಚಿತ್ರ ಸಾಲದು. ಆದೇಶವನ್ನು ಹೊರಡಿಸಿದವರು ಯಾರು, ಯಾವ ಕಾಯ್ದೆಯ ಯಾವ ಕಲಂ ಹೇಳಿದ್ದಾರೆ, ಯಾವ ದಿನದಿಂದ ಯಾವ ದಿನದವರೆಗೆ, ಯಾವ ಪ್ರದೇಶಕ್ಕೆ ಎಂಬ ನಾಲ್ಕು ವಿವರಗಳನ್ನು ಮೊದಲು ಗುರುತು ಹಾಕಿಕೊಳ್ಳಿ. ಒಂದೇ ಊರಿನಲ್ಲಿ ಒಂದೇ ವಾರ ಕೇಂದ್ರದ ಮಾರ್ಗಸೂಚಿ, ರಾಜ್ಯ ಕಾರ್ಯಕಾರಿ ಸಮಿತಿಯ ಆದೇಶ, ಜಿಲ್ಲಾಧಿಕಾರಿಯ ಅಥವಾ ಪೊಲೀಸ್ ಆಯುಕ್ತರ ನಿಷೇಧಾಜ್ಞೆ, ಜೊತೆಗೆ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ, 2020ರ ನಿಯಮಗಳು ಒಂದರ ಮೇಲೊಂದು ಜಾರಿಯಲ್ಲಿದ್ದವು. ನಿಮ್ಮ ಮೇಲೆ ಹೊರಿಸಿರುವ ತಪ್ಪು ಇವುಗಳಲ್ಲಿ ಯಾವುದರದ್ದು ಎಂಬುದರ ಮೇಲೆ ಇಡೀ ವಾದ ನಿಂತಿರುತ್ತದೆ. ಹಲವು ಸಲ ಎಫ್‌ಐಆರ್‌ನಲ್ಲಿ ‘ಸರ್ಕಾರದ ಆದೇಶ ಉಲ್ಲಂಘಿಸಿ’ ಎಂದಷ್ಟೇ ಬರೆದಿರುತ್ತದೆ. ಯಾವ ಆದೇಶ, ಯಾವ ದಿನಾಂಕದ್ದು ಎಂಬುದೇ ಇರುವುದಿಲ್ಲ. ಅದು ನಿಮ್ಮ ಪರವಾಗಿರುವ ಅಂಶ, ಬರೆದಿಟ್ಟುಕೊಳ್ಳಿ.

ಆಗ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಕಲಂ 144ರ ನಿಷೇಧಾಜ್ಞೆಯಾಗಿದ್ದರೆ ದಿನಾಂಕವನ್ನು ಇನ್ನೂ ಎಚ್ಚರದಿಂದ ನೋಡಬೇಕು. ಅಂಥ ಆಜ್ಞೆ ಎರಡು ತಿಂಗಳಿಗಿಂತ ಹೆಚ್ಚು ಕಾಲ ಜಾರಿಯಲ್ಲಿರುವಂತಿಲ್ಲ. ಮುಂದುವರಿಸಬೇಕಾದರೆ ರಾಜ್ಯ ಸರ್ಕಾರವೇ ಆದೇಶಿಸಬೇಕು, ಅದೂ ಆರು ತಿಂಗಳಿಗೆ ಮೀರದಂತೆ. ಘಟನೆ ನಡೆದ ದಿನ ಆಜ್ಞೆಯೇ ಜಾರಿಯಲ್ಲಿರಲಿಲ್ಲ ಎಂದು ತೋರಿಸಲು ಸಾಧ್ಯವಾದರೆ ಬೇರೆ ವಾದವೇ ಬೇಕಾಗುವುದಿಲ್ಲ.

ಆದೇಶದ ಪ್ರತಿ ರಾಜ್ಯಪತ್ರದಲ್ಲಾಗಲಿ ಇಲಾಖೆಯ ಜಾಲತಾಣದಲ್ಲಾಗಲಿ ಸಿಗದಿದ್ದರೆ, 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನಗಳಲ್ಲಿ ಉತ್ತರ ಬರಬೇಕು. ನ್ಯಾಯಾಲಯದಲ್ಲಿ ಪ್ರಕರಣವಿದ್ದರೆ ಎಫ್‌ಐಆರ್, ದೂರು, ದೋಷಾರೋಪ ಪಟ್ಟಿ ಮತ್ತು ಆರ್ಡರ್ ಶೀಟ್‌ನ ದೃಢೀಕೃತ ನಕಲುಗಳನ್ನು ಪಡೆಯಿರಿ. ಆರ್ಡರ್ ಶೀಟ್ ಅತಿ ಮುಖ್ಯ, ಏಕೆಂದರೆ ಮ್ಯಾಜಿಸ್ಟ್ರೇಟರು ಯಾವ ದಿನ, ಯಾವುದರ ಆಧಾರದ ಮೇಲೆ ಪ್ರಕರಣವನ್ನು ವಿಚಾರಣೆಗೆ ಸ್ವೀಕರಿಸಿದರು ಎಂಬುದು ಅಲ್ಲಿ ಮಾತ್ರ ತಿಳಿಯುತ್ತದೆ. ಪೊಲೀಸರು ಬಿ ರಿಪೋರ್ಟ್ (ಪ್ರಕರಣ ಮುಚ್ಚುವಂತೆ ಕೋರುವ ವರದಿ) ಹಾಕಿ ಪ್ರಕರಣ ಆಗಲೇ ಮುಗಿದಿದ್ದರೂ ಆರೋಪಿಗೆ ತಿಳಿದಿರದ ಸಂಗತಿಯೂ ಉಂಟು. ಆದ್ದರಿಂದ ಗಾಬರಿಯಾಗುವ ಮೊದಲು ನ್ಯಾಯಾಲಯದ ದಾಖಲೆ ನೋಡಿಸಿ.

‘ಆದೇಶ ಮುಗಿದಿದೆ, ಪ್ರಕರಣವೂ ಮುಗಿಯಿತು’ ಎಂಬ ವಾದದ ಬಲ ಮತ್ತು ಮಿತಿ

ಎಲ್ಲರಿಗೂ ಮೊದಲು ಹೊಳೆಯುವ ವಾದ ಇದೇ, ಮತ್ತು ಇದರಲ್ಲೇ ಹೆಚ್ಚು ಜನ ಎಡವುತ್ತಾರೆ. ಸಾಮಾನ್ಯ ಖಂಡಗಳ ಕಾಯ್ದೆಯ (ಜನರಲ್ ಕ್ಲಾಸಸ್ ಆಕ್ಟ್) ಕಲಂ 6ರ ಪ್ರಕಾರ ಕಾಯ್ದೆಯೊಂದು ರದ್ದಾದರೂ ಅದರ ಅಡಿಯಲ್ಲಿ ಆಗಲೇ ಹುಟ್ಟಿದ ಹಕ್ಕು, ಬಾಧ್ಯತೆ, ಶಿಕ್ಷೆಗಳು ಉಳಿಯುತ್ತವೆ. ಆದರೆ ಆ ರಕ್ಷಣೆ ರದ್ದಿಗೆ ಸಂಬಂಧಿಸಿದ್ದು. ತಾನಾಗಿಯೇ ಅವಧಿ ತೀರುವ ತಾತ್ಕಾಲಿಕ ಕಾಯ್ದೆಗೆ ಅದು ಅನ್ವಯಿಸುವುದಿಲ್ಲ. ತಾತ್ಕಾಲಿಕ ಕಾಯ್ದೆಯಲ್ಲಿ ಬೇರೆ ವಿಶೇಷ ಏರ್ಪಾಡು ಇಲ್ಲದಿದ್ದರೆ, ಅದು ತೀರಿದೊಡನೆ ಅದರಡಿಯ ನಡವಳಿಗಳೂ ತೀರುತ್ತವೆ ಎಂಬ ಸಾಮಾನ್ಯ ನಿಯಮವನ್ನು ಸುಪ್ರೀಂ ಕೋರ್ಟ್ 1951ರ ಎಸ್. ಕೃಷ್ಣನ್ ಪ್ರಕರಣದಲ್ಲೇ ಹೇಳಿತ್ತು. 1969ರ ರಾಯಲಾ ಕಾರ್ಪೊರೇಷನ್ ತೀರ್ಪು ಭಾರತ ರಕ್ಷಣಾ ನಿಯಮಗಳ ಬಗ್ಗೆ, ಅಂದರೆ ಇನ್ನೊಂದು ಬಗೆಯ ತುರ್ತು ಕಾಲದ ನಿಯಮದ ಬಗ್ಗೆ ಬಂದದ್ದು: 1965ರಲ್ಲಿ ಕೈಬಿಟ್ಟ ನಿಯಮವೊಂದರ ಉಲ್ಲಂಘನೆಗೆ 1968ರಲ್ಲಿ ಹೊಸದಾಗಿ ದೂರು ಹೂಡುವಂತಿಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ಈ ತೀರ್ಪಿನ ಕೆಲವು ಮಾತುಗಳ ಬಗ್ಗೆ ಮುಂದಿನ ತೀರ್ಪುಗಳಲ್ಲಿ ಭಿನ್ನ ನಿಲುವು ಬಂದಿದೆ. 2015ರ ಫೈಬರ್ ಬೋರ್ಡ್ಸ್ ತೀರ್ಪನ್ನು ನಿಮ್ಮ ವಕೀಲರು ಓದದೆ ಇದನ್ನು ಉಲ್ಲೇಖಿಸಬಾರದು.

ಇಷ್ಟಾದರೂ ಕೋವಿಡ್ ಪ್ರಕರಣಗಳಲ್ಲಿ ಈ ವಾದವೊಂದನ್ನೇ ನೆಚ್ಚಿಕೊಳ್ಳಬಾರದೆಂದು ಒತ್ತಿ ಹೇಳುತ್ತೇನೆ. ಕಾರಣ ಸರಳವಾಗಿದೆ: ತೀರಿದ್ದು ಆದೇಶ ಮಾತ್ರ, ಮೂಲ ಕಾಯ್ದೆಯಲ್ಲ. ವಿಪತ್ತು ನಿರ್ವಹಣಾ ಕಾಯ್ದೆಯ ಕಲಂ 51 ಇಂದಿಗೂ ಜಾರಿಯಲ್ಲಿದೆ. ಅದರ ಕೆಳಗೆ ಅಪರಾಧವಾಗುವುದು ಅಂದು ಜಾರಿಯಲ್ಲಿದ್ದ ನಿರ್ದೇಶನವನ್ನು ಅಂದು ಪಾಲಿಸಲು ನಿರಾಕರಿಸಿದ್ದು. ಭಾರತೀಯ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದ್ದರೂ, ಹಿಂದಿನ ಅಪರಾಧಗಳನ್ನು ಹಳೆಯ ಸಂಹಿತೆಯಂತೆಯೇ ಮುಂದುವರಿಸಲು ಹೊಸ ಕಾಯ್ದೆಯ ಕಲಂ 358 ಸ್ಪಷ್ಟ ಅವಕಾಶ ಕೊಟ್ಟಿದೆ. ಹಾಗಾಗಿ ಗೆಲುವಿನ ದಾರಿ ಹೆಚ್ಚಾಗಿ ಕಾರ್ಯವಿಧಾನದ ಕಲಮುಗಳಲ್ಲಿದೆ.

ಕ್ರಿಮಿನಲ್ ಪ್ರಕರಣವನ್ನು ರದ್ದುಪಡಿಸಿಕೊಳ್ಳುವುದು

ಲಾಕ್‌ಡೌನ್ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಕಾಣುವ ಕಲಮುಗಳು ಮೂರು ಗುಂಪಿನವು: ದಂಡ ಸಂಹಿತೆಯ 188, 269 ಮತ್ತು 270, ವಿಪತ್ತು ನಿರ್ವಹಣಾ ಕಾಯ್ದೆಯ 51, ಸಾಂಕ್ರಾಮಿಕ ರೋಗಗಳ ಕಾಯ್ದೆಯವು. ಒಂದೊಂದನ್ನೂ ಬೇರೆಬೇರೆಯಾಗಿ ಬಿಡಿಸಿ ನೋಡಬೇಕು.

ಕಲಂ 188, ಅಂದರೆ ಸರ್ಕಾರಿ ಅಧಿಕಾರಿಯ ಆದೇಶಕ್ಕೆ ಅವಿಧೇಯತೆ. ಪೊಲೀಸರು ಇದರಡಿ ಎಫ್‌ಐಆರ್ ದಾಖಲಿಸಬಹುದು, ಆದರೆ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 195ರ ಪ್ರಕಾರ, ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಧಿಕಾರಿ ಲಿಖಿತ ದೂರು ಕೊಡದೆ ಮ್ಯಾಜಿಸ್ಟ್ರೇಟರು ಅದನ್ನು ವಿಚಾರಣೆಗೆ ಸ್ವೀಕರಿಸುವಂತಿಲ್ಲ. ಠಾಣೆಯ ಸಬ್ ಇನ್‌ಸ್ಪೆಕ್ಟರ್ ಸಲ್ಲಿಸಿದ ದೋಷಾರೋಪ ಪಟ್ಟಿ ಆ ದೂರಿನ ಜಾಗವನ್ನು ತುಂಬುವುದಿಲ್ಲ. ಈ ಷರತ್ತು ಕಡ್ಡಾಯವೆಂದೂ ಅದನ್ನು ಪಾಲಿಸದ ನಡವಳಿ ಆರಂಭದಿಂದಲೇ ಅಸಿಂಧುವೆಂದೂ ಸುಪ್ರೀಂ ಕೋರ್ಟ್ 2010ರ ಸಿ. ಮುನಿಯಪ್ಪನ್ ಪ್ರಕರಣದಲ್ಲಿ ಹೇಳಿದೆ. ಜಿಲ್ಲಾಧಿಕಾರಿಯ ಆದೇಶದ ಉಲ್ಲಂಘನೆಗೆ ಠಾಣಾಧಿಕಾರಿಯೇ ದೂರುದಾರರೂ ತನಿಖಾಧಿಕಾರಿಯೂ ಆಗಿ ಪಟ್ಟಿ ಸಲ್ಲಿಸಿದ್ದರೆ, ಆರ್ಡರ್ ಶೀಟ್‌ನ ಆ ಪುಟವೇ ನಿಮ್ಮ ಮುಖ್ಯ ಸಾಕ್ಷ್ಯ.

ವಿಪತ್ತು ನಿರ್ವಹಣಾ ಕಾಯ್ದೆಯಲ್ಲೂ ಇಂಥದೇ ಬೇಲಿಯಿದೆ. ಕಲಂ 60ರ ಪ್ರಕಾರ ಸರ್ಕಾರ, ರಾಷ್ಟ್ರೀಯ, ರಾಜ್ಯ ಅಥವಾ ಜಿಲ್ಲಾ ಪ್ರಾಧಿಕಾರ, ಇಲ್ಲವೇ ಅವರು ಅಧಿಕಾರ ಕೊಟ್ಟವರ ದೂರು ಬೇಕು. ಬೇರೆಯವರಾದರೆ 30 ದಿನಗಳ ನೋಟಿಸ್ ಕೊಟ್ಟಿರಬೇಕು. ಇದಲ್ಲದೆ ಕಲಂ 51ರಲ್ಲಿ ‘ಸಮಂಜಸ ಕಾರಣವಿಲ್ಲದೆ’ ಎಂಬ ಮಾತಿದೆ. ಔಷಧಿಗೆಂದು, ಹೆರಿಗೆಗೆಂದು, ಸಾವಿನ ಮನೆಗೆಂದು ಹೊರಟಿದ್ದವರು ಅದರ ಆಧಾರವನ್ನು (ವೈದ್ಯರ ಚೀಟಿ, ಆಸ್ಪತ್ರೆಯ ದಾಖಲೆ, ಮರಣ ಪ್ರಮಾಣಪತ್ರ) ಈಗಲೇ ಹುಡುಕಿ ಇಟ್ಟುಕೊಳ್ಳುವುದು ಒಳ್ಳೆಯದು.

ಕಲಂ 269 ಮತ್ತು 270 ರೋಗ ಹರಡುವ ಸಂಭವವಿರುವ ಕೃತ್ಯಕ್ಕೆ ಸಂಬಂಧಿಸಿದವು. ಮೊದಲನೆಯದಕ್ಕೆ ಅಜಾಗರೂಕತೆ ಸಾಕು, ಎರಡನೆಯದಕ್ಕೆ ದುರುದ್ದೇಶ ಬೇಕು. ಆರೋಪಿಗೆ ಸೋಂಕು ಇತ್ತೆಂದು ತೋರಿಸುವ ಯಾವ ಪರೀಕ್ಷಾ ವರದಿಯೂ ಕಡತದಲ್ಲಿ ಇಲ್ಲದಿದ್ದರೆ ಅದನ್ನು ಅರ್ಜಿಯಲ್ಲಿ ಎತ್ತಿ ತೋರಿಸಬೇಕು. ದೆಹಲಿಯ ತಬ್ಲೀಘಿ ಜಮಾತ್ ಧಾರ್ಮಿಕ ಸಭೆಗೆ ಬಂದಿದ್ದ ವಿದೇಶಿಯರ ಮೇಲಿನ ಎಫ್‌ಐಆರ್‌ಗಳನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2020ರ ಆಗಸ್ಟ್‌ನಲ್ಲೇ ರದ್ದುಪಡಿಸಿತು. ಅಂಥವರಿಗೆ ಆಶ್ರಯ ಕೊಟ್ಟ ಆರೋಪ ಹೊತ್ತಿದ್ದ 70 ಭಾರತೀಯರ ವಿರುದ್ಧದ ಪ್ರಕರಣಗಳು ದೆಹಲಿ ಹೈಕೋರ್ಟಿನಲ್ಲಿ ರದ್ದಾದದ್ದು 2025ರ ಜುಲೈಯಲ್ಲಿ. ಐದು ವರ್ಷ ಕಳೆದ ಮೇಲೂ ಈ ಬಾಗಿಲು ತೆರೆದೇ ಇತ್ತೆಂಬುದನ್ನು ತಡವಾಯಿತೆಂದು ಕೈಚೆಲ್ಲಿದವರು ಗಮನಿಸಬೇಕು.

ಇನ್ನು ಕಾಲಮಿತಿ. ದಂಡ ಪ್ರಕ್ರಿಯಾ ಸಂಹಿತೆಯ ಕಲಂ 468ರಂತೆ, ಒಂದು ವರ್ಷದವರೆಗಿನ ಸೆರೆವಾಸದ ಅಪರಾಧಗಳಿಗೆ ಒಂದು ವರ್ಷ, ಮೂರು ವರ್ಷದವರೆಗಿನ ಸೆರೆವಾಸದವುಗಳಿಗೆ ಮೂರು ವರ್ಷದೊಳಗೆ ಪ್ರಕರಣ ನ್ಯಾಯಾಲಯ ತಲುಪಿರಬೇಕು. ಕಲಂ 188ಕ್ಕೆ ಗರಿಷ್ಠ ಆರು ತಿಂಗಳು, 269ಕ್ಕೂ ಆರು ತಿಂಗಳು, 270ಕ್ಕೆ ಎರಡು ವರ್ಷ. ಕಲಂ 51ಕ್ಕೆ ಸಾಮಾನ್ಯವಾಗಿ ಒಂದು ವರ್ಷ, ಜೀವಹಾನಿ ಅಥವಾ ಅದರ ಅಪಾಯ ಉಂಟಾಗಿದ್ದರೆ ಎರಡು ವರ್ಷ. ಒಟ್ಟಿಗೆ ವಿಚಾರಣೆಯಾಗುವ ಹಲವು ಆರೋಪಗಳಿದ್ದರೆ ಹೆಚ್ಚಿನ ಶಿಕ್ಷೆಯ ಕಲಮಿನ ಮಿತಿಯೇ ಎಲ್ಲಕ್ಕೂ ಅನ್ವಯಿಸುತ್ತದೆ. ಆಧಾರವಿಲ್ಲದೆ ಸೇರಿಸಿದ ಒಂದು 270 ಇಡೀ ಪ್ರಕರಣದ ಆಯುಷ್ಯವನ್ನು ಮೂರು ಪಟ್ಟು ಮಾಡಬಲ್ಲದು ಎಂಬ ಕಾರಣಕ್ಕೇ ಆ ಕಲಮನ್ನು ಮೊದಲು ಪ್ರಶ್ನಿಸಬೇಕು. ಲೆಕ್ಕಕ್ಕೆ ಬರುವುದು ದೂರು ಅಥವಾ ದೋಷಾರೋಪ ಪಟ್ಟಿ ಸಲ್ಲಿಕೆಯಾದ ದಿನ, ಮ್ಯಾಜಿಸ್ಟ್ರೇಟರು ಅದನ್ನು ಸ್ವೀಕರಿಸಿದ ದಿನವಲ್ಲ ಎಂದು 2013ರ ಸಾರಾ ಮ್ಯಾಥ್ಯೂ ತೀರ್ಪಿನಲ್ಲಿ ಸಂವಿಧಾನ ಪೀಠ ಹೇಳಿದೆ. ಸರ್ಕಾರದ ಪರ ವಕೀಲರು ಇದಕ್ಕೆ ಪ್ರತಿಯಾಗಿ, 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಕಾಲಮಿತಿಯ ಲೆಕ್ಕದಿಂದ ಬಿಟ್ಟ ಸುಪ್ರೀಂ ಕೋರ್ಟಿನ 2022ರ ಜನವರಿ 10ರ ಆದೇಶವನ್ನು ಮುಂದಿಡಬಹುದು. ಆ ದಿನಗಳನ್ನೆಲ್ಲ ಬಿಟ್ಟು ಎಣಿಸಿದರೂ, ಆ ಅವಧಿಯೊಳಗೆ ನಡೆದ ಘಟನೆಗೆ ಒಂದು ವರ್ಷದ ಮಿತಿ 2023ರ ಫೆಬ್ರವರಿ ಕೊನೆಗೆ, ಮೂರು ವರ್ಷದ್ದು 2025ರ ಫೆಬ್ರವರಿ ಕೊನೆಗೆ ತೀರುತ್ತದೆ. ನಿಮ್ಮ ಮೇಲಿನ ದೋಷಾರೋಪ ಪಟ್ಟಿ ಸಲ್ಲಿಕೆಯಾದ ದಿನಾಂಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕರ್ನಾಟಕದ 2020ರ ಕಾಯ್ದೆಯಲ್ಲಿ 188ಕ್ಕಿಂತ ಹೆಚ್ಚಿನ ಶಿಕ್ಷೆಯ ಕಲಮುಗಳಿವೆ, ಆದ್ದರಿಂದ ಅದನ್ನು ಸೇರಿಸಿದ್ದರೆ ಲೆಕ್ಕವನ್ನು ಬೇರೆಯಾಗಿಯೇ ಮಾಡಬೇಕು.

ಈ ಆಧಾರಗಳ ಮೇಲೆ ಪ್ರಕರಣ ರದ್ದು ಕೋರುವ ಅರ್ಜಿ ಹೋಗಬೇಕಾದದ್ದು ಹೈಕೋರ್ಟಿಗೆ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ ಕಲಂ 482ರ ಅರ್ಜಿ. ಈಗ ಅದರ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 528. ಪ್ರಕರಣ ನಡೆಯುತ್ತಿರುವ ಜಿಲ್ಲೆಗೆ ತಕ್ಕಂತೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಸಲ್ಲಿಸಬೇಕು. ವಿಚಾರಣೆಗೆ ತಡೆಯಾಜ್ಞೆಯನ್ನೂ ಜೊತೆಯಲ್ಲೇ ಕೇಳಿ, ಆದರೆ ತಡೆಯಾಜ್ಞೆ ಸಿಗುವವರೆಗೆ ಕೆಳ ನ್ಯಾಯಾಲಯಕ್ಕೆ ಹಾಜರಾಗುವುದನ್ನು ತಪ್ಪಿಸಬೇಡಿ; ವಾರಂಟ್ ಹೊರಟಿದ್ದರೆ ಅದನ್ನು ಹಿಂಪಡೆಯುವ ಅರ್ಜಿ ಮೊದಲು. ಸರ್ಕಾರ ಒಪ್ಪಿದರೆ ಸರ್ಕಾರಿ ಅಭಿಯೋಜಕರೇ ನ್ಯಾಯಾಲಯದ ಅನುಮತಿ ಪಡೆದು ಪ್ರಕರಣ ಹಿಂಪಡೆಯುವ ದಾರಿಯೂ ಇದೆ.

ಇಲ್ಲಿ ಒಂದು ಎಚ್ಚರಿಕೆ. ‘ತಪ್ಪೊಪ್ಪಿಕೊಂಡು ಇನ್ನೂರು ರೂಪಾಯಿ ದಂಡ ಕಟ್ಟಿ ಮುಗಿಸಿಬಿಡಿ’ ಎಂಬ ಸಲಹೆ ನ್ಯಾಯಾಲಯದ ಪಡಸಾಲೆಯಲ್ಲಿ ಸುಲಭವಾಗಿ ಸಿಗುತ್ತದೆ. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಅದು ಸಮಾಧಾನದ ಮಾತಾಗಿಯೂ ಕೇಳಿಸುತ್ತದೆ. ಆದರೆ ಹಾಗೆ ಒಪ್ಪಿಕೊಂಡರೆ ದಾಖಲೆಯಲ್ಲಿ ಉಳಿಯುವುದು ಅಪರಾಧ ಸಾಬೀತು, ಮತ್ತು ಸರ್ಕಾರಿ ನೌಕರಿಯ ಅರ್ಜಿಯಲ್ಲಿ ‘ಶಿಕ್ಷೆಯಾಗಿದೆಯೇ’ ಎಂಬ ಪ್ರಶ್ನೆಗೆ ಹೌದೆಂದೇ ಬರೆಯಬೇಕಾಗುತ್ತದೆ. ಚಿಕ್ಕ ವಯಸ್ಸಿನವರು, ಓದುತ್ತಿರುವವರು ಈ ದಾರಿ ಹಿಡಿಯುವ ಮೊದಲು ಎರಡು ಸಲ ಯೋಚಿಸಲೇಬೇಕು.

ದಂಡ, ಕೂಲಿ, ವಾಹನ

ಮಾಸ್ಕ್ ಧರಿಸದ್ದಕ್ಕೆ ಕರ್ನಾಟಕದಲ್ಲಿ ನಗರಗಳಲ್ಲಿ 250 ರೂಪಾಯಿ, ಉಳಿದೆಡೆ 100 ರೂಪಾಯಿ ದಂಡವಿತ್ತು. 2020ರ ಅಕ್ಟೋಬರ್ ಸುಮಾರಿಗೆ ಕೆಲವೇ ದಿನ ಅದು 1,000 ಮತ್ತು 500 ರೂಪಾಯಿಗೆ ಏರಿ ಮತ್ತೆ ಇಳಿಯಿತು. ಇಷ್ಟು ಸಣ್ಣ ಮೊತ್ತಕ್ಕೆ ಒಬ್ಬೊಬ್ಬರೇ ಹೈಕೋರ್ಟಿಗೆ ಹೋಗುವುದು ಕೈಗೆಟುಕುವ ಮಾತಲ್ಲ, ಸಾಮಾನ್ಯವಾಗಿ ನಾನು ಅದನ್ನು ಸೂಚಿಸುವುದಿಲ್ಲ. ಅಂಗಡಿಗೆ ಬೀಗ ಹಾಕಿದ್ದು, ಪರವಾನಗಿ ರದ್ದು ಮಾಡಿದ್ದು, ದೊಡ್ಡ ಮೊತ್ತ ವಸೂಲು ಮಾಡಿದ್ದು ಇದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ (ಸರ್ಕಾರದ ಕ್ರಮವನ್ನು ನೇರವಾಗಿ ಪ್ರಶ್ನಿಸುವ ಅರ್ಜಿ) ಹಾಕಬಹುದು. ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಲು ಹೊರಟವರು ತಡೆದು ನೋಡಬೇಕು: ವಿಪತ್ತು ನಿರ್ವಹಣಾ ಕಾಯ್ದೆಯ ಕಲಂ 71, ಅದರಡಿ ಸರ್ಕಾರ ಮತ್ತು ಪ್ರಾಧಿಕಾರಗಳು ಕೈಗೊಂಡ ಕ್ರಮಗಳ ಬಗ್ಗೆ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳನ್ನು ಬಿಟ್ಟು ಬೇರೆ ನ್ಯಾಯಾಲಯಗಳಿಗೆ ಅಧಿಕಾರವಿಲ್ಲ ಎನ್ನುತ್ತದೆ. ಕಲಂ 73 ಸದ್ಭಾವನೆಯಿಂದ ನಡೆದುಕೊಂಡ ಅಧಿಕಾರಿಗಳಿಗೆ ರಕ್ಷಣೆ ಕೊಡುತ್ತದೆ, ಆದ್ದರಿಂದ ಅಧಿಕಾರಿಯಿಂದ ಪರಿಹಾರ ಕೇಳುವುದಕ್ಕಿಂತ ಆದೇಶದ ರದ್ದತಿ ಮತ್ತು ಹಣದ ವಾಪಸಾತಿ ಕೇಳುವುದು ಹೆಚ್ಚು ಭದ್ರ.

ರಿಟ್ ಅರ್ಜಿಗೆ ಕಾಯ್ದೆಯಲ್ಲಿ ಬರೆದಿಟ್ಟ ಕಾಲಮಿತಿ ಇಲ್ಲದಿದ್ದರೂ ವಿಳಂಬಕ್ಕೆ ಕಾರಣ ಹೇಳಲೇಬೇಕು. ಹಣ ವಾಪಸಾತಿಯ ವಿಷಯದಲ್ಲಿ ಸಿವಿಲ್ ದಾವೆಗಿರುವ ಮೂರು ವರ್ಷದ ಅವಧಿಯನ್ನೇ ಅಳತೆಗೋಲಾಗಿ ನೋಡಬಹುದೆಂದು 1964ರ ಭೈಲಾಲ್ ಭಾಯ್ ತೀರ್ಪು ಹೇಳುತ್ತದೆ. ಪೊಲೀಸರ ಹಲ್ಲೆಯ ದೂರಿನೊಂದಿಗೆ ಈಗ ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವುದು ಫಲಿಸದು, ಅಲ್ಲಿ ಘಟನೆ ನಡೆದ ಒಂದು ವರ್ಷದೊಳಗೆ ಹೋಗಬೇಕಿತ್ತು.

ಕೂಲಿಯ ವಿಷಯದಲ್ಲಿ 2020ರ ಮಾರ್ಚ್ 29ರ ಗೃಹ ಸಚಿವಾಲಯದ ಆದೇಶ, ಲಾಕ್‌ಡೌನ್ ಅವಧಿಗೆ ಕಡಿತವಿಲ್ಲದೆ ವೇತನ ಕೊಡಬೇಕೆಂದಿತ್ತು. ಮೇ 18ರಿಂದ ಅದು ಜಾರಿಯಲ್ಲಿ ಉಳಿಯಲಿಲ್ಲ. ಫೈಕಸ್ ಪ್ಯಾಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೂನ್ 12ರಂದು, ಆ 50 ದಿನಗಳ ವೇತನದ ಬಗ್ಗೆ ಮಾಲೀಕರು ಮತ್ತು ಕಾರ್ಮಿಕರು ಮಾತುಕತೆಯಲ್ಲಿ ತೊಡಗಬಹುದು, ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಆಗ ಕಾರ್ಮಿಕ ಇಲಾಖೆಯ ಮುಂದೆ ಸಂಧಾನಕ್ಕೆ ಹೋಗಿ ದಾಖಲೆ ಉಳಿಸಿಕೊಂಡವರ ಸ್ಥಿತಿ ಇಂದು ಉಳಿದವರಿಗಿಂತ ಉತ್ತಮ.

ಜಪ್ತಾದ ವಾಹನ ಇನ್ನೂ ಠಾಣೆಯಲ್ಲೇ ಇದ್ದರೆ ಮ್ಯಾಜಿಸ್ಟ್ರೇಟರ ಮುಂದೆಯೇ ಬಿಡುಗಡೆ ಅರ್ಜಿ ಹಾಕಿ. ವಾಹನಗಳನ್ನು ಠಾಣೆಗಳಲ್ಲಿ ದೀರ್ಘಕಾಲ ಕೊಳೆಸಬಾರದೆಂದು 2002ರಷ್ಟು ಹಿಂದೆಯೇ ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ತೀರ್ಪು ಹೇಳಿದೆ.

ಹಣವಿಲ್ಲವೆಂದು ಯಾರೂ ಹಿಂಜರಿಯಬಾರದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಾರ್ಖಾನೆ ಕಾರ್ಮಿಕರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿಯಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, 15100 ಸಂಖ್ಯೆಗೂ ಕರೆ ಮಾಡಬಹುದು.

ಹೈಕೋರ್ಟ್ ಪ್ರಕರಣವನ್ನು ರದ್ದುಪಡಿಸಿದ ಮೇಲೂ ಕೆಲಸ ಬಾಕಿಯಿರುತ್ತದೆ. ಆದೇಶದ ದೃಢೀಕೃತ ನಕಲನ್ನು ಪಡೆದು ಒಂದನ್ನು ಕೆಳ ನ್ಯಾಯಾಲಯಕ್ಕೆ ಮೆಮೊ (ಚಿಕ್ಕ ಮನವಿ ಪತ್ರ) ಜೊತೆ ಸಲ್ಲಿಸಿ, ಇನ್ನೊಂದನ್ನು ಠಾಣೆಗೆ ಕೊಟ್ಟು, ಎರಡೂ ಕಡೆ ಸ್ವೀಕೃತಿ ಪಡೆಯಿರಿ; ಹಳೆಯ ವಾರಂಟ್ ಠಾಣೆಯ ಪಟ್ಟಿಯಲ್ಲಿ ಉಳಿದಿದ್ದರೆ ಅದನ್ನು ತೆಗೆಸಲು ಲಿಖಿತವಾಗಿ ಕೋರಿ. ಪಾಸ್‌ಪೋರ್ಟ್ ಅಥವಾ ನೌಕರಿಯ ಪರಿಶೀಲನೆ ಬರುವ ಮೊದಲೇ ಈ ಎರಡು ಸ್ವೀಕೃತಿಗಳು ನಿಮ್ಮ ಕೈಯಲ್ಲಿರಬೇಕು.